ಕಟ್ಟುವುದು ನಿಂತಿತ್ತು, ಕೊಳ್ಳುವುದು ನಿಂತಿರಲಿಲ್ಲ

(ಆಪ್ತಸಲಹೆ ಪ್ರಕರಣ. ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಾಯಿಸಿದ್ದೇನೆ.)

ಮೊದಲು ಬಂದವರು ಹೆಂಡತಿ. ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಗಂಡನಿಗೆ 46 ವರ್ಷ, ಪೀಣ್ಯದ ಟೂಲ್‌ರೂಮ್ ಒಂದರಲ್ಲಿ ಡೈ (ಅಚ್ಚು) ಡಿಸೈನರ್. ಮಗಳು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ.

"ಮೇಡಂ, ಮೊಬೈಲ್ ಚಟ ಬಿಡಿಸೋಕೆ ನಿಮ್ಹಾನ್ಸ್‌ನಲ್ಲಿ ಕ್ಲಿನಿಕ್ ಇದೆಯಂತಲ್ಲ, ಇದಕ್ಕೂ ಏನಾದ್ರೂ ಇದೆಯಾ?" ಎಂದು ಕೇಳಿದರು. ಇದಕ್ಕೆ ಎಂದರೆ, ರೇಸಿಂಗ್ ಕಾರುಗಳ ದೊಡ್ಡ ಅಳತೆಯ ಮಾಡೆಲ್ ಕಟ್ಟುವ ಹವ್ಯಾಸಕ್ಕೆ.

ಗಂಡ ಕುಡಿಯುವವರಲ್ಲ. ಹೊರಗೆ ಸುತ್ತುವವರೂ ಅಲ್ಲ. ಮದುವೆಯಾದಾಗಿನಿಂದ ಮನೆಯಲ್ಲಿ ಒಂದು ಮೇಜು, ಅದರ ಮೇಲೆ ಬಣ್ಣದ ಬಾಟಲಿಗಳು ಇದ್ದದ್ದೇ. ಅದರ ಬಗ್ಗೆ ಆಕೆಗೆ ತಕರಾರಿರಲಿಲ್ಲ. ಆದರೆ ಮಗಳ ಟ್ಯೂಷನ್ ಫೀಸು ಕಟ್ಟುವ ಹೊತ್ತಿಗೆ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಕೈಗೆ ಸಿಕ್ಕಿತು. ಅದರಲ್ಲಿ ಮೂರು ಇಎಂಐ ಒಟ್ಟಿಗೆ ಓಡುತ್ತಿದ್ದವು. ಆಮೇಲೆ ಅಟ್ಟ ಹತ್ತಿ ನೋಡಿದರೆ ಹಾಸಿಗೆ ಮೂಟೆಯ ಹಿಂದೆ ಮಾಡೆಲ್ ಕಿಟ್‌ಗಳ, ಅಂದರೆ ಜೋಡಿಸಬೇಕಾದ ಬಿಡಿಭಾಗಗಳ, ಪೆಟ್ಟಿಗೆಗಳ ಸಾಲು. ಒಂದನ್ನೂ ತೆರೆದಿರಲಿಲ್ಲ. ಪಾರ್ಸೆಲ್‌ಗಳೆಲ್ಲ ಆಫೀಸಿನ ವಿಳಾಸಕ್ಕೆ ಬರುತ್ತಿದ್ದವಂತೆ. "ದುಡ್ಡು ಹೋಗ್ಲಿ ಮೇಡಂ. ಕೇಳಿದ್ರೆ ಇವರು ನನ್ನ ಮುಖ ನೋಡಿಯೇ ಸುಳ್ಳು ಹೇಳಿದ್ರು."

ಮುಂದಿನ ಸಲ ಇಬ್ಬರೂ ಬಂದರು. ಮುಗಿಸಿದ ಒಂದು ಮಾಡೆಲ್ ತನ್ನಿ ಎಂದು ಅವರಿಗೆ ಮೊದಲೇ ಹೇಳಿ ಕಳಿಸಿದ್ದೆ. ಹವ್ಯಾಸದ ಬಗ್ಗೆ ಜಗಳ ಬಂದಾಗ ನಾನು ಯಾವಾಗಲೂ ವಸ್ತುವನ್ನೇ ನೋಡಲು ಕೇಳುತ್ತೇನೆ. ಕಣ್ಣೆದುರಿಗೆ ಒಂದು ವಸ್ತು ಇದ್ದರೆ ಮಾತು ಆರೋಪದಿಂದ ಶುರುವಾಗುವುದಿಲ್ಲ.

ಅವರು ತಂದದ್ದು ಆರು ಚಕ್ರದ ಟಿರೆಲ್ ಪಿ34. ಜಪಾನಿನ ತಮಿಯಾ ಕಂಪನಿಯ ಕಿಟ್, 1/12 ಅಳತೆ, ಅಂದರೆ ನಿಜವಾದ ಕಾರಿನ ಹನ್ನೆರಡನೇ ಒಂದು ಪಾಲು. ಒಂದು ಅಡಿಗಿಂತ ತುಸು ಜಾಸ್ತಿ ಉದ್ದ. ನನಗೆ ಫಾರ್ಮುಲಾ ಒನ್ ಗೊತ್ತಿಲ್ಲ ಅಂದೆ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು ವಿವರಿಸಿದರು. ಡೆರೆಕ್ ಗಾರ್ಡನರ್ ಎಂಬ ಎಂಜಿನಿಯರ್ ಈ ಕಾರಿನ ಮುಂದೆ 10 ಇಂಚಿನ ನಾಲ್ಕು ಪುಟ್ಟ ಚಕ್ರ ಇಟ್ಟರು. ಚಿಕ್ಕ ಚಕ್ರವಾದರೆ ಮುಂದಿನ ರೆಕ್ಕೆಯ ಹಿಂದೆ ಅಡಗುತ್ತದೆ, ಗಾಳಿಯ ತಡೆ ಕಡಿಮೆಯಾಗುತ್ತದೆ ಎಂಬ ಲೆಕ್ಕ. 1976ರ ಸ್ವೀಡನ್ ಗ್ರಾನ್ ಪ್ರಿಯಲ್ಲಿ ಜೋಡಿ ಶೆಕ್ಟರ್ ಇದರಲ್ಲಿ ಗೆದ್ದರು. ಎರಡನೇ ಸ್ಥಾನವೂ ಇದೇ ತಂಡದ ಡೆಪೈಯೆಗೆ ಬಂತು. ಡ್ರೈವರ್ ಕೂರುವ ಜಾಗದ ಪಕ್ಕದಲ್ಲಿ ಒಂದು ಪುಟ್ಟ ಕಿಟಕಿ ಇದೆ. ಮುಂದಿನ ಚಕ್ರ ಕಾಣಲಿ ಅಂತ ಬಿಟ್ಟದ್ದಂತೆ. ಹಿಂದೆ ಕಾಸ್ವರ್ತ್ ವಿ8 ಎಂಜಿನ್. ಎಂಟೂ ಸ್ಪಾರ್ಕ್ ಪ್ಲಗ್‌ಗಳಿಗೆ ಕೂದಲಿನಷ್ಟು ತೆಳು ವೈರನ್ನು ಅವರೇ ಜೋಡಿಸಿದ್ದರು. ಸೀಟ್ ಬೆಲ್ಟಿನ ಬಕಲ್ಲುಗಳು ತೆಳು ಲೋಹದ ಹಾಳೆಯಿಂದ ಕತ್ತರಿಸಿ ಮಡಿಸಿದವು.

ನಿಜಕ್ಕೂ ಚೆನ್ನಾಗಿತ್ತು. ಅದನ್ನು ಬಾಯಿ ಬಿಟ್ಟು ಹೇಳಿದೆ. ಅಲ್ಲಿಯವರೆಗೆ ಎಲ್ಲೋ ನೋಡುತ್ತಾ ಕೂತಿದ್ದ ಆಕೆಯೂ "ಕೈ ಚೆನ್ನಾಗಿದೆ ಇವರದು, ಅದಕ್ಕೆ ಎರಡು ಮಾತಿಲ್ಲ" ಎಂದರು.

"ಇದನ್ನು ಯಾವಾಗ ಮುಗಿಸಿದ್ದು?" ಎಂದು ಕೇಳಿದೆ. ತಡವರಿಸಿದರು. ನಾಲ್ಕು ವರ್ಷದ ಹಿಂದೆ. ಆಮೇಲೆ ಒಂದನ್ನೂ ಮುಗಿಸಿಲ್ಲ. ಅಟ್ಟದ ಮೇಲಿದ್ದದ್ದೆಲ್ಲ ಈ ನಾಲ್ಕು ವರ್ಷದಲ್ಲಿ ಕೊಂಡದ್ದೇ.

ಈ ಪ್ರಕರಣದ ಗಂಟು ಇಲ್ಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿಯಲ್ಲಿ ವಿಡಿಯೋ ಗೇಮಿನ ಅತಿ ಚಟಕ್ಕೆ ಜಾಗ ಇದೆ. ಮಾಡೆಲ್ ಕಟ್ಟುವುದಕ್ಕೆ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅಲ್ಲಿ ಕೇಳುವ ಪ್ರಶ್ನೆಗಳು ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತವೆ. ಹಿಡಿತ ತಪ್ಪಿದೆಯಾ? ಬೇರೆಲ್ಲದಕ್ಕಿಂತ ಇದೇ ಮೊದಲಾಗಿದೆಯಾ? ಕೆಡುಕಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಯುತ್ತಿದೆಯಾ? ಈ ಪ್ರಶ್ನೆಗಳನ್ನು ಕಟ್ಟುವುದಕ್ಕೂ ಕೊಳ್ಳುವುದಕ್ಕೂ ಬೇರೆ ಬೇರೆಯಾಗಿ ಕೇಳಿದೆ. ಕಟ್ಟುವಾಗ ಮಗಳು ಕರೆದರೆ ಎದ್ದು ಹೋಗುತ್ತಿದ್ದರು. ಊಟಕ್ಕೆ ಬರುತ್ತಿದ್ದರು. ಮರುದಿನ ಮನಸ್ಸು ಹಗುರಾಗಿರುತ್ತಿತ್ತು. ಕೊಳ್ಳುವುದು ಮಾತ್ರ ನಡುರಾತ್ರಿ, ಎಲ್ಲರೂ ಮಲಗಿದ ಮೇಲೆ, ಫೋನಿನಲ್ಲಿ. ಆರ್ಡರ್ ಹಾಕಿದ ಅರ್ಧ ಗಂಟೆ ಖುಷಿ, ಆಮೇಲೆ ಅಳುಕು. ಪಾರ್ಸೆಲ್ ಬಂದ ದಿನ ಸುಳ್ಳು.

ಹೆಂಡತಿಗೆ ಇವೆರಡೂ ಒಂದೇ ಆಗಿ ಕಂಡಿದ್ದವು. ಗಂಡನಿಗೂ ಅಷ್ಟೇ. "ನಾನೊಬ್ಬ ಮಾಡೆಲರ್, ಕಿಟ್ ಕೊಳ್ಳೋದು ಅದರ ಭಾಗ" ಅನ್ನುತ್ತಿದ್ದರು.

ಹಾಗಾದರೆ ಕಟ್ಟುವುದು ಯಾಕೆ ನಿಂತಿತು? ಟಿರೆಲ್ ಆದ ಮೇಲೆ ಅವರು ಕೈಗೆತ್ತಿಕೊಂಡದ್ದು ಮೆಕ್ಲಾರೆನ್ ಎಂಪಿ4/6. 1991ರಲ್ಲಿ ಐರ್ಟನ್ ಸೆನ್ನಾ ಮೂರನೇ ಸಲ ಚಾಂಪಿಯನ್ ಆದ ಕಾರು. ಹೋಂಡಾ ವಿ12 ಎಂಜಿನ್ ಮುಗಿಸಿದರು. ಕಾರಿನ ಹೊರಮೈಗೆ (ಬಾಡಿ) ಬಣ್ಣ ಹೊಡೆಯುವಾಗ ಸಿಕ್ಕಿಕೊಂಡರು. ಆ ಕಾರಿನ ಹೊಳೆಯುವ ಕೆಂಪು ಫ್ಲೋರೆಸೆಂಟ್ ಬಣ್ಣ. ಅಡಿಯಲ್ಲಿ ಬಿಳಿ ಸಮನಾಗಿ ಕೂರದಿದ್ದರೆ ಕೆಂಪು ತೇಪೆ ತೇಪೆಯಾಗುತ್ತದೆ. ಅದರ ಮೇಲೆ ಬೆಂಗಳೂರಿನ ಮಳೆಗಾಲ. ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ ಲ್ಯಾಕರ್ (ಬೇಗ ಒಣಗುವ ಬಣ್ಣ) ಹೊಡೆದರೆ ಬಿಳಿ ಮಂಜು ಕವಿದ ಹಾಗೆ ಆಗುತ್ತದೆ. ನಿಜವಾದ ಕಾರಿನ ಮೇಲಿದ್ದ ಪ್ರಾಯೋಜಕ ಸಿಗರೇಟ್ ಕಂಪನಿಯ ಹೆಸರು ಕಿಟ್‌ನಲ್ಲಿ ಬರುವುದಿಲ್ಲ, ಆ ಡೆಕಾಲ್‌ಗಳನ್ನು (ಅಂಟಿಸುವ ತೆಳು ಅಕ್ಷರ, ಚಿತ್ರಗಳು) ಬೇರೆ ಕಡೆಯಿಂದ ತರಿಸಬೇಕು. ತರಿಸಿದರು, ಅಂಟಿಸಿದರು. ಮೇಲೆ ಕ್ಲಿಯರ್ ಕೋಟನ್ನು (ಬಣ್ಣವಿಲ್ಲದ ಹೊಳಪಿನ ಲೇಪ) ಒಂದೇ ಸಲಕ್ಕೆ ದಪ್ಪ ಹೊಡೆದಾಗ ಡೆಕಾಲ್‌ಗಳು ಸುಕ್ಕಾದವು. ಅಕ್ಷರಗಳು ವಾರೆಯಾಗಿದ್ದದ್ದೂ ಆಗಲೇ ಕಂಡಿತು.

"ನನ್ನ ಕೈ ಹೋಯ್ತು ಮೇಡಂ." ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. ಇಪ್ಪತ್ತು ವರ್ಷ ಅವರ ಗುರುತೇ ಆ ಕೈ. ಹೆಂಡತಿಗೆ ಈ ಮಾತು ಹೊಸದು.

ಸಮ್ಮತಿ ಪತ್ರಕ್ಕೆ ಸಹಿ ಮಾಡುವಾಗ ಅವರು ಹಾಳೆಯನ್ನು ತೋಳಿನುದ್ದ ದೂರ ಹಿಡಿದು ಓದಿದ್ದನ್ನು ನಾನು ಗಮನಿಸಿದ್ದೆ. ಕೊನೆಯ ಸಲ ಕಣ್ಣು ತೋರಿಸಿದ್ದು ಯಾವಾಗ ಎಂದು ಕೇಳಿದೆ. ತೋರಿಸಿಯೇ ಇರಲಿಲ್ಲ. ಆಫೀಸಿನಲ್ಲಿ ಡ್ರಾಯಿಂಗ್ ಎಲ್ಲ ಕಂಪ್ಯೂಟರಿನಲ್ಲಿ. ಕಾಣದಿದ್ದರೆ ಪರದೆಯ ಮೇಲೆ ದೊಡ್ಡದು ಮಾಡಿಕೊಂಡರಾಯಿತು. ಅದಕ್ಕೇ ಅಲ್ಲಿ ಕೊರತೆ ಗೊತ್ತಾಗಿರಲಿಲ್ಲ. ಮೇಜಿನ ಮೇಲಿನ ಎರಡು ಮಿಲಿಮೀಟರ್ ಅಕ್ಷರವನ್ನು ಹಾಗೆ ದೊಡ್ಡದು ಮಾಡಲು ಬರುವುದಿಲ್ಲ. ಕಣ್ಣಿನ ಡಾಕ್ಟರ್ ಹೇಳಿದ್ದು ನಲವತ್ತು ದಾಟಿದವರಿಗೆಲ್ಲ ಬರುವ ಚಾಳೀಸು, ಅಂದರೆ ಹತ್ತಿರದ್ದು ಮಸುಕಾಗುವುದು. ಓದುವ ಕನ್ನಡಕ ಕೊಟ್ಟರು. ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿಯನ್ನೂ ಬಳಸಬಹುದು ಎಂದರು.

ಕನ್ನಡಕದಿಂದಲೇ ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಕೈ ಹೋಯಿತು ಎಂದು ಹೆದರಿದ ಮನುಷ್ಯ ಯಾರಿಗೂ ಹೇಳದೆ ನಾಲ್ಕು ವರ್ಷ ಕಳೆದಿದ್ದರು. ಕಟ್ಟಲು ಆಗದ ಬೇಸರಕ್ಕೆ ಹೊಸ ಪೆಟ್ಟಿಗೆ ತರಿಸುತ್ತಿದ್ದರು. ಹೊಸ ಪೆಟ್ಟಿಗೆಯಲ್ಲಿ ತಪ್ಪು ಇನ್ನೂ ಆಗಿರುವುದಿಲ್ಲ, ಅಲ್ವಾ? ಇದು ಅವರಿಗೆ ಅರ್ಥವಾಗಲು ಕನ್ನಡಕಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಸಲಹೆಯಲ್ಲಿ ನಾನು ಖಡಾಖಂಡಿತವಾಗಿ ಹೇಳಿದ್ದು ಒಂದೇ: ಮನೆಯೊಳಗೆ ಸ್ಪ್ರೇ ಇವತ್ತಿಂದಲೇ ಬಂದ್. ಅವರು ಅಡುಗೆಮನೆಗೆ ಅಂಟಿದ ಯುಟಿಲಿಟಿಯಲ್ಲಿ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಟ್ಟುಕೊಂಡಿದ್ದರು. ಮಗಳಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ. ಅದಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ, ಆದರೆ ಮಗಳ ಡಾಕ್ಟರಿಗೆ ಈ ವಿಷಯ ತಿಳಿಸಲೇಬೇಕು ಎಂದೆ. ಲ್ಯಾಕರ್ ತಿನ್ನರಿನ ಹೊಗೆ ಯಾರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಅದಕ್ಕಿಂತ ದೊಡ್ಡ ಅಪಾಯ ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಭಾಗದ ಕ್ಲಿಯರ್ ಕೋಟ್. ಕಾರಿನ ನಿಜವಾದ ಬಣ್ಣದಂಥ ಹೊಳಪು ಬರುತ್ತದೆ ಅಂತ ದೊಡ್ಡ ಮಾಡೆಲ್ ಕಟ್ಟುವವರಿಗೆ ಅದು ತುಂಬಾ ಇಷ್ಟ. ಅದರಲ್ಲಿ ಐಸೋಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ಸೋಕಿದರೂ ಅಸ್ತಮಾ ಕೆರಳುತ್ತದೆ. ವಾಸನೆಯಿಂದ ಎಚ್ಚರವಾಗೋಣ ಅಂದರೆ, ಅಪಾಯದ ಮಟ್ಟ ಮುಟ್ಟಿದಾಗಲೂ ಮೂಗಿಗೆ ಗೊತ್ತಾಗುವುದಿಲ್ಲ. ಬಟ್ಟೆಯ ಮಾಸ್ಕ್ ಇದಕ್ಕೆ ಏನೇನೂ ಸಾಲದು. ಆ ಒಂದು ಕೆಲಸವನ್ನು ಕಾರುಗಳಿಗೆ ಬಣ್ಣ ಹೊಡೆಯುವ ಬೂತ್ ಇರುವವರಿಗೆ ಕೊಡಿ ಎಂದೆ. ಉಳಿದ ಬಣ್ಣದ ಕೆಲಸಕ್ಕೆ ಹೊಗೆಯನ್ನು ಹೊರಗೆ ಎಳೆದು ಹಾಕುವ ಫ್ಯಾನಿನ ಪೆಟ್ಟಿಗೆ, ಕಾರ್ಟ್ರಿಜ್ ಇರುವ ಮಾಸ್ಕ್, ಮತ್ತು ಟೆರೇಸಿನ ಮೇಲಿನ ಕೋಣೆ. ಇದನ್ನು ಅವರು ಚರ್ಚೆ ಇಲ್ಲದೆ ಒಪ್ಪಿದರು.

ದುಡ್ಡಿನ ಮಾತು ಅಷ್ಟು ಸಲೀಸಾಗಿರಲಿಲ್ಲ. ಪೆಟ್ಟಿಗೆಗಳ ಪಟ್ಟಿಯನ್ನು ಬೆಲೆ ಸಮೇತ ಹೆಂಡತಿಯ ಎದುರಿಗೆ ಬರೆಯಿರಿ ಎಂದೆ. ಮೊತ್ತ ಇಲ್ಲಿ ಬೇಡ. ಬರೆಯುವಾಗ ಅವರೇ ಎರಡು ಸಲ ಪೆನ್ನು ಕೆಳಗಿಟ್ಟರು. ಲೋಹ ಮತ್ತು ರೆಸಿನ್ ಭಾಗಗಳಿರುವ ಮಾಡೆಲ್ ಫ್ಯಾಕ್ಟರಿ ಹಿರೋ ಎಂಬ ಕಂಪನಿಯ ಒಂದು ದೊಡ್ಡ ಕಿಟ್ ನಮ್ಮ ಮನೆ ತಲುಪುವಾಗ ಅರ್ಧ ಲಕ್ಷ ದಾಟುವುದುಂಟು.

"ಈಗ ತಗೊಳ್ಳದಿದ್ರೆ ಆಮೇಲೆ ಸಿಗೋದಿಲ್ಲ, ಸಿಕ್ಕರೂ ರೇಟು ಏರಿರುತ್ತೆ" ಎಂಬುದು ಅವರ ವಾದ. ಇದರಲ್ಲಿ ಸುಳ್ಳಿಲ್ಲ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಸ್ಕೇಲ್ ಮಾಡೆಲ್‌ಗಳೂ ಸುಂಕದ ಪಟ್ಟಿಯಲ್ಲಿ ಅದೇ ಗುಂಪಿನಲ್ಲಿವೆ. ಆದರೆ ತಮಿಯಾ ತನ್ನ ಹಳೆಯ ಕಿಟ್‌ಗಳನ್ನು ಮತ್ತೆ ಮತ್ತೆ ಹೊರತರುತ್ತದೆ. ಅವರ ಟಿರೆಲ್ ಕೂಡ 1970ರ ದಶಕದ ಅಚ್ಚು, ಲೋಹದ ಹೊಸ ಭಾಗಗಳ ಜತೆ ಎಷ್ಟೋ ವರ್ಷದ ಮೇಲೆ ಮತ್ತೆ ಬಂದದ್ದು. ಇದನ್ನು ಅವರಿಂದಲೇ ಹೇಳಿಸಿದೆ. "ಸಿಗೋದಿಲ್ಲ" ಅನ್ನುವುದು ಎಲ್ಲ ಪೆಟ್ಟಿಗೆಗೂ ನಿಜವಲ್ಲ ಅಂತ ಅವರ ಬಾಯಿಂದಲೇ ಬಂತು.

ಕೊನೆಗೆ ಒಪ್ಪಿಕೊಂಡದ್ದು ಹೀಗೆ. ತೆರೆಯದ ಪೆಟ್ಟಿಗೆಗಳಲ್ಲಿ ಮೂರನ್ನು ಇಟ್ಟುಕೊಳ್ಳುವುದು, ಉಳಿದವನ್ನು ಬೇರೆ ಹವ್ಯಾಸಿಗಳಿಗೆ ಮಾರಿ ಮೊದಲು ಇಎಂಐ ತೀರಿಸುವುದು. ಫೋನಿನಲ್ಲಿ ಉಳಿಸಿಟ್ಟ ಕಾರ್ಡ್ ನಂಬರ್ ಅಳಿಸುವುದು. ಮುಂದೆ ಏನೇ ತರಿಸಿದರೂ ಪಾರ್ಸೆಲ್ ಮನೆಗೇ ಬರಬೇಕು. ಒಂದು ಮುಗಿಯದೆ ಇನ್ನೊಂದು ಇಲ್ಲ. ಬಣ್ಣ, ಅಂಟು, ಮರಳು ಕಾಗದಕ್ಕೆ ತಿಂಗಳಿಗೆ ಇಬ್ಬರೂ ಒಪ್ಪಿದ ಒಂದು ಮೊತ್ತ, ಅದಕ್ಕೆ ಲೆಕ್ಕ ಕೇಳುವಂತಿಲ್ಲ.

ಆಕೆಗೂ ಕೆಲವು ಮಾತು ಹೇಳಿದೆ. ಸಿಟ್ಟಿನಲ್ಲಿ ಏನನ್ನೂ ಗುಜರಿಗೆ ಹಾಕಬೇಡಿ, ಅವರಿಗೆ ತಿಳಿಯದಂತೆ ಮಾರಬೇಡಿ. "ಈ ವಯಸ್ಸಲ್ಲಿ ಮಕ್ಕಳಾಟ" ಅನ್ನುವ ಮಾತನ್ನು ನೆಂಟರು ಆಡಿದರೆ ಆಡಲಿ, ನೀವು ಆಡಬೇಡಿ. ಆಕೆ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದರು: "ಇವರಿಗೆ ರಾತ್ರಿ ಎರಡು ಗಂಟೆ ಬಿಡುವು ಸಿಗೋದು ಯಾಕೆ ಮೇಡಂ? ಅಡುಗೆಮನೆ ಕೆಲಸ, ಮಗಳ ಓದು ನಾನು ನೋಡಿಕೊಳ್ಳೋದರಿಂದ ತಾನೆ?"

ಇಡೀ ಒಂದು ಭೇಟಿಯಲ್ಲಿ ನಾನು ಈ ಪ್ರಶ್ನೆಯ ಬಗ್ಗೆಯೇ ಮಾತಾಡಿಸಿದೆ. ಗಂಡಸರ ಹವ್ಯಾಸದ ಬಗ್ಗೆ ನನ್ನ ಬಳಿ ಬರುವ ಜಗಳಗಳಲ್ಲಿ ದುಡ್ಡಿಗಿಂತ ಹೊತ್ತೇ ದೊಡ್ಡ ವಿಷಯ, ಆದರೆ ದುಡ್ಡಿನ ಹೆಸರಿನಲ್ಲಿ ಆಚೆ ಬರುತ್ತದೆ. ಅವರ ಮೇಜಿನ ಎರಡು ಗಂಟೆಗೆ ಸಮನಾಗಿ ಆಕೆಗೂ ಎರಡು ಗಂಟೆ ಸಿಗಬೇಕು. ಆಗ ಅಡುಗೆಮನೆ ಅವರದು, ಮಗಳ ಗಣಿತವೂ ಅವರದೇ. ಆ ಹೊತ್ತಿನಲ್ಲಿ ಆಕೆ ಏನು ಮಾಡುತ್ತಾರೆ ಅಂತ ಯಾರೂ ಕೇಳಬೇಕಾಗಿಲ್ಲ, ಸುಮ್ನೆ ಮಲಗಿದರೂ ಸರಿ.

ಸುಳ್ಳಿಗೆ ಕ್ಷಮೆ ಕೇಳುವುದನ್ನು ಮಾತ್ರ ನಾನು ಪಟ್ಟಿಗೆ ಸೇರಿಸಲಿಲ್ಲ. ಹೇಳಿಸಿ ಕೇಳಿಸಿದ ಕ್ಷಮೆ ಆಕೆಗೆ ಬೇಕಿರಲಿಲ್ಲ. ಕೆಲವು ವಾರದ ಮೇಲೆ ಅವರೇ ಕೇಳಿದರಂತೆ. ಆಕೆ "ಸರಿ" ಅಂದರಂತೆ, ಅಷ್ಟೇ.

ಈಗ ಇಎಂಐ ಎರಡು ತೀರಿವೆ, ಒಂದು ಉಳಿದಿದೆ. ಮೆಕ್ಲಾರೆನ್ ಬಾಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಹಳೆ ಬಣ್ಣ ತೆಗೆದಿದ್ದಾರೆ. ಹೊಸ ಬಿಳಿ ಕೂತಿದೆ. ಕೆಂಪನ್ನು ಮಳೆ ನಿಂತ ಮೇಲೆ ಹೊಡೆಯುತ್ತಾರಂತೆ. ಇಟ್ಟುಕೊಂಡ ಮೂರು ಪೆಟ್ಟಿಗೆಗಳಲ್ಲಿ ಒಂದು ದುಬಾರಿಯದು. ಅದನ್ನೂ ಮಾರಬೇಕು ಎಂದು ಆಕೆ, ಅದೊಂದು ಇರಲಿ ಎಂದು ಅವರು. ಇಬ್ಬರೂ ಪಟ್ಟು ಬಿಟ್ಟಿಲ್ಲ. ಮುಂದಿನ ಭೇಟಿಯಲ್ಲಿ ಅದನ್ನು ಮಾತಾಡುವುದಿದೆ.