ಪೋಕರ್‌ನಲ್ಲಿ ಸೋತು ಸೋತು ತಲೆ ಕೆಟ್ಟಿದೆ, ಸ್ವಲ್ಪ ದಿನ ಬಿಟ್ಟರೆ ಸರಿಹೋಗುತ್ತಾ?

ಬೆಳಗಾವಿಯಿಂದ ಶನಿವಾರ ಚೋರ್ಲಾ ಘಾಟ್ ಇಳಿದು ಪಣಜಿಯ ಕ್ಯಾಸಿನೊಗೆ ಹೋಗುತ್ತೀರಿ, ಒಂದು ತಿಂಗಳಿಂದ ಹೋದಾಗಲೆಲ್ಲ ಸೋತಿದ್ದೀರಿ, ಜೋಡಿ ಎಕ್ಕ ಬಂದಾಗಲೂ ಸೋತಿರಿ, ಸ್ವಲ್ಪ ದಿನ ಬಿಟ್ಟರೆ ಅದೃಷ್ಟ ತಿರುಗುತ್ತಾ ಅಂತ ಕೇಳಿದ್ದೀರಿ.

ಬಿಡಿ. ಆದರೆ ಅದೃಷ್ಟ ತಿರುಗಲಿ ಅಂತ ಬಿಡಬೇಡಿ. ನೀವು ಮನೇಲಿ ಕೂತಿದ್ದು ಎಲೆಗಳಿಗೆ ಗೊತ್ತಾಗುವುದಿಲ್ಲ.

ಮೊದಲು ಆ ಎಕ್ಕದ ಲೆಕ್ಕ ನೋಡೋಣ. ನಿಮ್ಮ ಹತ್ತಿರ ಜೋಡಿ ಎಕ್ಕ, ಎದುರಿನವನ ಹತ್ತಿರ ಜೋಡಿ ರಾಜ, ಫ್ಲಾಪ್‌ಗೆ (ಟೇಬಲ್ ಮೇಲೆ ಎಲ್ಲರಿಗೂ ಸೇರಿ ತೆರೆಯುವ ಮೊದಲ ಮೂರು ಎಲೆ) ಮೊದಲೇ ಇಬ್ಬರೂ ಆಲ್ ಇನ್, ಅಂದರೆ ಮುಂದಿರುವ ದುಡ್ಡೆಲ್ಲ ಒಳಗೆ. ನೀವು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ ಸಲ ಸೋಲಲೇಬೇಕು. ಫ್ಲಾಪ್‌ನಲ್ಲಿ ನಾಲ್ಕು ಆಟಿನ್ ಇಟ್ಟುಕೊಂಡು ಕೂತವನಿಗೆ ರಿವರ್ (ಟೇಬಲ್ ಮೇಲಿನ ಕೊನೆಯ, ಐದನೇ ಎಲೆ) ಹೊತ್ತಿಗೆ ಇನ್ನೊಂದು ಆಟಿನ್ ಬಂದು ಫ್ಲಶ್ (ಒಂದೇ ಜಾತಿಯ ಐದು ಎಲೆ) ಆಗುವ ಸಾಧ್ಯತೆ ಶೇ 35. ಅಂದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ನಿಮಗೆ ಅನ್ಯಾಯ ಅನಿಸುವುದರಲ್ಲಿ ಬಹಳಷ್ಟು ಬರೀ ಲೆಕ್ಕ.

ಇನ್ನೊಂದು ವಿಷಯ. ಟೇಬಲ್ ಮೇಲೆ ಡೀಲರ್ ಎಲೆ ಹಂಚುವಾಗ ಗಂಟೆಗೆ 25–30 ಕೈ, ಅಂದರೆ ಅಷ್ಟು ಸುತ್ತಿನ ಆಟ ಆಗುತ್ತದೆ ಅಷ್ಟೇ. ವಾರಕ್ಕೊಂದು ರಾತ್ರಿ ಆಡಿದರೆ ತಿಂಗಳಿಗೆ ಸಾವಿರ ಕೈ ಆದರೆ ಹೆಚ್ಚು. ನೂರು ಕೈಗೆ ಸರಾಸರಿ 5 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಕಟ್ಟಬೇಕಾದ ದೊಡ್ಡ ಪಣ) ಗೆಲ್ಲುವ ಒಳ್ಳೆಯ ಆಟಗಾರ ಕೂಡ 10,000 ಕೈ ಆಡಿದ ಮೇಲೂ ನಷ್ಟದಲ್ಲಿರುವ ಸಾಧ್ಯತೆ ಶೇ 30ರ ಹತ್ತಿರ ಬರುತ್ತದೆ. ಹಾಗಿರುವಾಗ ನಿಮ್ಮ ಒಂದು ತಿಂಗಳು ಏನನ್ನೂ ಹೇಳುವುದಿಲ್ಲ. ನೀವು ಚೆನ್ನಾಗಿ ಆಡುತ್ತೀರಿ ಅಂತಲೂ ಇಲ್ಲ, ಕೆಟ್ಟದಾಗಿ ಆಡುತ್ತೀರಿ ಅಂತಲೂ ಇಲ್ಲ.

ಹಾಗಾದರೆ ಯಾಕೆ ಬಿಡಬೇಕು? ಟಿಲ್ಟ್‌ಗೆ, ಅಂದರೆ ಸೋತ ಸಿಟ್ಟಿನಲ್ಲಿ ತಲೆ ಕೆಟ್ಟು ಆಡುವುದಕ್ಕೆ. ರಾತ್ರಿ ಒಂಬತ್ತಕ್ಕೆ ಯೋಚನೆ ಮಾಡದೆ ಫೋಲ್ಡ್ ಮಾಡುವ (ಬಿಟ್ಟುಕೊಡುವ) ಎಲೆಯನ್ನೇ ಎರಡು ಗಂಟೆಗೆ ಹಿಡಿದು ಕಾಲ್ ಮಾಡುತ್ತೀರಿ (ಎದುರಿನವನಷ್ಟೇ ಪಣ ಹಾಕುತ್ತೀರಿ). ನಿಮ್ಮ ಎಕ್ಕ ಮುರಿದವನ ಮೇಲೇ ಕಣ್ಣು, ಅವನು ಪಣ ಏರಿಸಿದರೆ ಸಾಕು, ಎಲೆ ಏನೇ ಇರಲಿ ಇಳಿಯುತ್ತೀರಿ. ಮತ್ತೊಂದು ಬೈ-ಇನ್ (ಟೇಬಲ್‌ನಲ್ಲಿ ಆಡಲು ಕಟ್ಟುವ ದುಡ್ಡು) ತಗೊಳ್ಳುವಾಗ ತಲೆಯಲ್ಲಿ ಇರುವುದು ಆಟ ಅಲ್ಲ, ಹೋದ ದುಡ್ಡು. ದುರದೃಷ್ಟದಿಂದ ಹೋಗಿದ್ದಕ್ಕಿಂತ ಆಮೇಲೆ ಹೀಗೆ ಹೋಗಿದ್ದೇ ಜಾಸ್ತಿ ಇರುತ್ತದೆ. ನಾನು ನೋಡಿದ ಬಹುಪಾಲು ಜನರ ಕಥೆ ಇದೇ. ಅವರು ಮಾತ್ರ ಸೀಟು ಬದಲಾಯಿಸುತ್ತಾರೆ, ಡೀಲರ್‌ನ ಬೈಯುತ್ತಾರೆ!

ಎಷ್ಟು ದಿನ ಬಿಡಬೇಕು ಅಂತ ಕ್ಯಾಲೆಂಡರ್ ನೋಡಿ ಹೇಳುವುದು ಕಷ್ಟ. ನಾನು ಬಳಸುವ ಪರೀಕ್ಷೆ ಹೇಳುತ್ತೇನೆ. ಸೋತ ಒಂದು ಕೈಯನ್ನು ಸ್ನೇಹಿತರಿಗೆ ವಿವರಿಸಿ, ಆದರೆ ರಿವರ್‌ನಲ್ಲಿ ಏನು ಬಂತು ಅಂತ ಹೇಳಬೇಡಿ. ಯಾರು ಎಷ್ಟು ಹಾಕಿದರು, ನೀವು ಯಾಕೆ ಕಾಲ್ ಮಾಡಿದಿರಿ, ಅಷ್ಟೇ. ಸಿಟ್ಟು ಬರದೆ ಹೇಳಲು ಆದರೆ ನೀವು ತಯಾರು. ಬಿಟ್ಟಿರುವಾಗ ನೆನಪಿರುವ ದೊಡ್ಡ ಪಾಟ್‌ಗಳನ್ನೆಲ್ಲ (ಪಾಟ್ ಅಂದರೆ ಒಂದು ಕೈಯಲ್ಲಿ ಎಲ್ಲರೂ ಹಾಕಿದ ದುಡ್ಡು) ಬರೆದಿಡಿ. ದುಡ್ಡು ಒಳಗೆ ಹೋದ ಕ್ಷಣಕ್ಕೆ ಒಳ್ಳೆಯ ಎಲೆ ಇದ್ದು ಮುಂದಿದ್ದವರು ಯಾರು, ಅದನ್ನಷ್ಟೇ ನೋಡಿ. ಹೆಚ್ಚು ಸಲ ಹಿಂದಿದ್ದವರು ನೀವೇ ಆಗಿದ್ದರೆ, ಅದು ಅದೃಷ್ಟದ ಮಾತಲ್ಲ, ಆಟ ಕಲಿಯಬೇಕು. ಕ್ಯಾಸಿನೊದವರು ಪಾಟ್‌ನಿಂದ ತೆಗೆಯುವ ರೇಕ್ ಬೇರೆ ಇದೆ. ನಿಮ್ಮಷ್ಟೇ ಚೆನ್ನಾಗಿ ಆಡುವವರ ನಡುವೆ ಕೂತರೆ ಕೊನೆಗೆ ಎಲ್ಲರೂ ಸೋಲುವುದು ಅದಕ್ಕೇ.

ವಾಪಸ್ ಹೋದಾಗ ಸ್ಟೇಕ್ (ಪಣದ ಮಟ್ಟ) ಇಳಿಸಿ, ಬ್ಯಾಂಕ್ ಕಾರ್ಡ್ ಮತ್ತು ಫೋನ್ ರೂಮಿನಲ್ಲೇ ಬಿಟ್ಟು ನಗದು ಮಾತ್ರ ಒಯ್ಯಿರಿ.

ಆದರೆ ಆಡಿದ ದುಡ್ಡು ಸಾಲದ್ದಾ? ಮನೆಯವರಿಗೆ ಸುಳ್ಳು ಹೇಳಿದ್ದೀರಾ? ಹಾಗಿದ್ದರೆ ಮೇಲಿನ ಯಾವುದೂ ನಿಮಗಲ್ಲ. ಅದಕ್ಕೆ ಬ್ರೇಕ್ ಸಾಲದು, ಪೂರ್ತಿ ನಿಲ್ಲಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ಹತ್ತಿರ, ಅಲ್ವಾ?

ಹಾಂ, ಬಿಟ್ಟಿರುವಾಗ ಕೈ ತುರಿಸಿ ಮೊಬೈಲ್ ಕಡೆ ಹೋಗಬೇಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟ್‌ನಲ್ಲೇ ಬಂದಿದೆ. ಈಗ ಟೆಲಿಗ್ರಾಮ್‌ನಲ್ಲಿ ಯಾರಾದರೂ ವಿದೇಶಿ ಸೈಟಿನ ಲಿಂಕ್ ಕಳಿಸಿದರೆ, ಅಲ್ಲಿ ನೀವು ಗೆದ್ದರೂ ದುಡ್ಡು ಕೊಡದಿದ್ದರೆ ಯಾರ ಹತ್ತಿರ ಹೋಗಿ ಕೇಳುತ್ತೀರಿ?