ಲಂಪಿ ಲಸಿಕೆ ಫೇಲ್ ಆದರೆ ವೈರಸ್ ಬದಲಾಗಿದೆ ಅಂತ ಅಲ್ಲ (ರಾಯಬಾಗದ ಅಣ್ಣಾರ ಪ್ರಶ್ನೆಗೆ)

ಅಣ್ಣಾರ, ಲಂಪಿ ಅಂದರೆ ದನದ ಚರ್ಮಗಂಟು ರೋಗದ ಲಸಿಕೆ ಹಾಕಿಸಿದ ಆಕಳಿಗೂ ಗಂಟು ಬಂತು, ವೈರಸ್ ಕೊರೊನಾದಂಗ ರೂಪ ಬದಲಿಸಿದೆ ಅಂತಾರ, ಈ ಸಲ ಹಾಕಿಸಬೇಕೋ ಬೇಡವೋ ಅಂತ ಕೇಳಿದ್ದೀರಿ. ಹಾಕಿಸ್ರಿ. ನಿಮ್ಮ ಪ್ರಶ್ನೆಯ ಕೆಳಗೆ ಜಮಖಂಡಿಯವರೊಬ್ಬರು ಕುರಿಗೆ ನೀಲಿ ನಾಲಿಗೆ ರೋಗದ ಲಸಿಕೆಯೂ ಹಿಡಿಯಲಿಲ್ಲ ಅಂದಿದ್ದಾರೆ. ಅದರ ಕಾರಣ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಲಂಪಿಯ ವೈರಸ್ ಸಿಡುಬಿನ ಕುಲದ್ದು, ಡಿಎನ್‌ಎ ವೈರಸ್. ಅದರ ಜೀನೋಮಿನಲ್ಲಿ, ಅಂದರೆ ವೈರಸ್‌ನ ಪೂರ್ತಿ ಆನುವಂಶಿಕ ಬರಹದಲ್ಲಿ, ಸುಮಾರು 1,51,000 ಅಕ್ಷರಗಳಿವೆ. ನಕಲು ಮಾಡುವಾಗ ಆದ ತಪ್ಪನ್ನು ಅದರ ಕಿಣ್ವವೇ ತಿದ್ದಿಕೊಳ್ಳುತ್ತದೆ, ಹಾಗಾಗಿ ಬದಲಾವಣೆ ಬಹಳ ನಿಧಾನ. ಕುರಿ ಸಿಡುಬು, ಆಡಿನ ಸಿಡುಬು, ಲಂಪಿ ಈ ಮೂರರ ಜೀನೋಮ್ ನೂರಕ್ಕೆ 96–97ರಷ್ಟು ಒಂದೇ. ದನಕ್ಕೆ ಹಾಕುವ ಆಡಿನ ಸಿಡುಬಿನ ಲಸಿಕೆ ಲಂಪಿಯಿಂದ ಕಾಯುವುದು ಇದೇ ಕಾರಣಕ್ಕೆ. ನಮ್ಮ ದೇಶಕ್ಕೆ ರೋಗ ಬಂದದ್ದು 2019ರಲ್ಲಿ, ಒಡಿಶಾಕ್ಕೆ. 2022ರ ದೊಡ್ಡ ಹಾವಳಿಯ ಮಾದರಿಗಳ ಜೀನೋಮನ್ನು ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ)ಯವರು ಓದಿದಾಗ ಎರಡು ಬಗೆ ಸಿಕ್ಕವು: ಒಂದು 2019ರದ್ದಕ್ಕೆ ಹತ್ತಿರ, ಇನ್ನೊಂದು 2015ರಲ್ಲಿ ರಷ್ಯಾದಲ್ಲಿ ಕಂಡದ್ದಕ್ಕೆ ಹತ್ತಿರ. ಅಂದರೆ ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಓಡಾಡುತ್ತಿವೆ. ಹಾಗಂತ ವೈರಸ್ ವರ್ಷಕ್ಕೊಮ್ಮೆ ಲಸಿಕೆಯ ಕೈ ತಪ್ಪಿಸಿಕೊಳ್ಳುತ್ತಿದೆ ಅಂತ ಅಲ್ಲ.

ಲಂಪಿ ನಿಜವಾಗಿ ಜಿಗಿದು ಬದಲಾದ ಉದಾಹರಣೆ ಒಂದಿದೆ. 2017ರಲ್ಲಿ ರಷ್ಯಾದಲ್ಲಿ, ಆಮೇಲೆ ಚೀನಾ, ವಿಯೆಟ್ನಾಂ ಕಡೆ ಸಿಕ್ಕ ಬೆರಕೆ ವೈರಸ್. ಒಂದೇ ಬಾಟಲಿಯಲ್ಲಿ ಬೇರೆ ಬೇರೆ ತಳಿ ಕಲಬೆರಕೆಯಾಗಿದ್ದ ಜೀವಂತ ಲಸಿಕೆಯಿಂದ (ಶಕ್ತಿ ಕುಂದಿಸಿದ ಜೀವಂತ ವೈರಸ್ ಇರುವ ಲಸಿಕೆ) ಅದು ಹುಟ್ಟಿತು ಅಂತ ಸಂಶೋಧಕರು ಗುರುತಿಸಿದರು. ಅದಕ್ಕೇ ಹೇಳುವುದು, ಯಾರೋ ಬ್ಯಾಗಿನಲ್ಲಿ ತಂದ, ಲೇಬಲ್ ಇಲ್ಲದ ಲಸಿಕೆಯನ್ನು ಮುಟ್ಟಲೇಬೇಡ್ರಿ. ಜ್ವರ ಬಂದ ದನಕ್ಕೂ ಹಾಕಿಸಬೇಡ್ರಿ.

ಹಂಗಾದ್ರ ನಿಮ್ಮ ಆಕಳಿಗೆ ಯಾಕೆ ಬಂತು? ಮೊದಲು ತಾರೀಖು ನೋಡ್ರಿ. ಲಸಿಕೆಯ ಶಕ್ತಿ ಕೂಡಲು ಸುಮಾರು 21 ದಿನ ಬೇಕು, ರೋಗ ಒಳಗೇ ಕುಳಿತಿರುವ ಅವಧಿ 28 ದಿನದವರೆಗೂ ಇರಬಹುದು. ಊರಲ್ಲಿ ಗಂಟು ಕಂಡ ಮೇಲೆ ಹಾಕಿಸಿದರೆ ಎಷ್ಟೋ ದನಕ್ಕೆ ಆಗಲೇ ವೈರಸ್ ಹೊಕ್ಕಿರುತ್ತದೆ. ಮುಂಗಾರಿಗೆ ಮೊದಲೇ ಹಾಕಿಸ್ರಿ, ನಾಲ್ಕು ತಿಂಗಳು ತುಂಬಿದ ಕರುಗಳಿಗೂ.

ಎರಡನೆಯದು ತಂಪು. ಇದು ಜೀವಂತ ಲಸಿಕೆ, 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಕಲಸುವ ದ್ರಾವಣವೂ ತಣ್ಣಗಿರಬೇಕು. ಕಲಸಿದ್ದನ್ನು ಎರಡು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ನಾಳೆಗೆ ಇಡಬಾರದು. ಮೇ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಸಿರಿಂಜ್ ಬೈಕಿನ ಸೀಟಿನ ಮೇಲೆ ಇಟ್ಟರೆ ಮುಗಿಯಿತು. ಚುಚ್ಚುವ ಜಾಗಕ್ಕೆ ಸ್ಪಿರಿಟ್ ಹಚ್ಚಬೇಡ್ರಿ, ಜೀವಂತ ವೈರಸ್ ಅದರಿಂದ ಸಾಯುತ್ತದೆ. ದನಕ್ಕೆ ಬೇಕಾದ ಪ್ರಮಾಣ ಆಡಿನದಕ್ಕಿಂತ ಹೆಚ್ಚು. ಆಡಿನ ಲೆಕ್ಕದಲ್ಲೇ ಹಂಚಿದರೆ ಎಲ್ಲ ದನಕ್ಕೂ ಅರೆಬರೆ ಆಗುತ್ತದೆ, ಒಂದು ಬಾಟಲಿ ಎಷ್ಟು ದನಕ್ಕೆ ಅಂತ ಡಾಕ್ಟರನ್ನೇ ಕೇಳ್ರಿ. ಪ್ರತಿ ದನಕ್ಕೆ ಹೊಸ ಸೂಜಿ, ಇದರಲ್ಲಿ ಉಳಿತಾಯ ಮಾಡಬೇಡ್ರಿ. ಕಚ್ಚುವ ನೊಣ, ಗುಂಗಾಡಿ, ಉಣ್ಣಿ ರಕ್ತ ದಾಟಿಸುವ ಕೆಲಸವನ್ನೇ ಸೂಜಿಯೂ ಮಾಡುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗಿನ ಎತ್ತು ಬರುತ್ತವೆ, ಚಿಂಚಲಿ ಜಾತ್ರೆಯಿಂದ ಹೊಸ ಎತ್ತು ತರುತ್ತೀರಿ. ಹೊಸದನ್ನು 28 ದಿನ ಬೇರೆ ಕಟ್ಟ್ರಿ. ಒಣಗಿದ ಹಕ್ಕಳೆಯಲ್ಲಿ ವೈರಸ್ ಒಂದು ತಿಂಗಳ ಮೇಲೂ ಬದುಕಿರುತ್ತದೆ, ಕತ್ತಲ ಕೊಟ್ಟಿಗೆಯಲ್ಲಿ ಆರು ತಿಂಗಳವರೆಗೂ. ಮೊದಲು ಸೆಗಣಿ ತೆಗೆದು ತೊಳೆದು, ಆಮೇಲೆ ಶೇ 2–3ರ ಸೋಡಿಯಂ ಹೈಪೊಕ್ಲೋರೈಟ್ ಸಿಂಪಡಿಸ್ರಿ. ಸೆಗಣಿಯ ಮೇಲೆಯೇ ಹೊಡೆದರೆ ಔಷಧದ ಶಕ್ತಿ ಅಲ್ಲೇ ಸತ್ತುಹೋಗುತ್ತದೆ.

ಈಗ ಕುರಿ. ನೀಲಿ ನಾಲಿಗೆಯ ವೈರಸ್ ಆರ್‌ಎನ್‌ಎ ವೈರಸ್, ಅದರ ಜೀನೋಮ್ 10 ತುಂಡು. ಒಂದೇ ಕುರಿಗೆ, ಅಥವಾ ರೋಗ ಹರಡುವ ಒಂದೇ ನುಸಿಗೆ, ಎರಡು ಬಗೆಯ ವೈರಸ್ ಒಟ್ಟಿಗೆ ಹೊಕ್ಕರೆ ಇಸ್ಪೀಟ್ ಎಲೆ ಕಲಸಿದಂತೆ ತುಂಡುಗಳು ಅದಲುಬದಲಾಗುತ್ತವೆ. 24ಕ್ಕೂ ಹೆಚ್ಚು ಬಗೆಗಳಿವೆ, ಒಂದರ ಲಸಿಕೆ ಇನ್ನೊಂದನ್ನು ಸರಿಯಾಗಿ ತಡೆಯುವುದಿಲ್ಲ. ನಮ್ಮ ಐದು ಬಗೆಯ ಲಸಿಕೆಯಲ್ಲಿರುವುದು 1, 2, 10, 16, 23. ಊರಿಗೆ ಬಂದದ್ದು ಇವುಗಳ ಹೊರಗಿನ ಬಗೆಯಾದರೆ ಲಸಿಕೆ ಹಾಕಿದ ಕುರಿಯ ಮೋರೆಯೂ ಬಾತುಕೊಳ್ಳುತ್ತದೆ. ಆದರೂ ಬಿಡಬೇಡ್ರಿ, ಆ ಐದರಿಂದಾದರೂ ರಕ್ಷಣೆ ಸಿಗುತ್ತದೆ. ಇದು ಸತ್ತ ವೈರಸ್‌ನ ಲಸಿಕೆ, ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೆ ಕೆಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿನಲ್ಲಿ ಹೊತ್ತು ಮುಳುಗುವ ಮೊದಲೇ ಹಟ್ಟಿಯನ್ನು ಕಾಲುವೆ ದಂಡೆ, ರಾಡಿ ಜಾಗ ಬಿಟ್ಟು ಎತ್ತರದ ಒಣ ನೆಲಕ್ಕೆ ಏರಿಸ್ರಿ. ನುಸಿ ಹುಟ್ಟುವುದು ಹಸಿ ಸೆಗಣಿ ಕೆಸರಿನಲ್ಲಿ, ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ.

ಲಸಿಕೆ ಹಾಕಿ 21 ದಿನ ದಾಟಿದ ಮೇಲೂ ರೋಗ ಬಂದರೆ ಮಾದರಿ ತೆಗೆಸ್ರಿ. ಲಂಪಿಗೆ ಗಂಟಿನ ಹಕ್ಕಳೆ ಮತ್ತು ಇಡಿಟಿಎ ನಳಿಕೆಯಲ್ಲಿ (ರಕ್ತ ಗರಣೆ ಕಟ್ಟದಂತೆ ಔಷಧ ಇರುವ ನಳಿಕೆ) ರಕ್ತ. ನೀಲಿ ನಾಲಿಗೆಗೆ ಜ್ವರ ಇರುವಾಗಲೇ ಇಡಿಟಿಎ ರಕ್ತ, ಐಸ್ ಪೆಟ್ಟಿಗೆಯಲ್ಲಿ, ಹೆಪ್ಪುಗಟ್ಟಿಸದೆ. ಜೊತೆಗೆ ಲಸಿಕೆಯ ಬ್ಯಾಚ್ ನಂಬರ್, ಹಾಕಿದ ತಾರೀಖು ಬರೆದು ಕೊಡ್ರಿ. ಕೆಟ್ಟದ್ದು ಬಾಟಲಿಯೋ, ಬಂದದ್ದು ಬೇರೆ ಬಗೆಯೋ ಅಂತ ಲ್ಯಾಬಿನವರು ಹೇಳಬೇಕಾದರೆ ಇವು ಬೇಕೇ ಬೇಕು.