ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲದ ಗೋಧಿ ಬೆಳೆಗಾರರಿಗೆ ಸಹಾಯಧನ ಸಿಗುವುದೇ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕು. ತಂದೆಯವರು ತೀರಿಕೊಂಡು ಕೆಲವು ವರ್ಷಗಳಾದರೂ ಎರೆ ಹೊಲದ ಉತಾರ ಅವರ ಹೆಸರಿನಲ್ಲಿಯೇ ಇದೆ. ನಾವಿಬ್ಬರು ಅಣ್ಣತಮ್ಮಂದಿರು ಹಿಂಗಾರಿಯಲ್ಲಿ ಅಲ್ಲಿ ಗೋಧಿ ಬಿತ್ತುತ್ತೇವೆ. ಪಕ್ಕದ ಮೂರು ಎಕರೆಯನ್ನು ಲಾವಣಿಗೆ (ಗೇಣಿಗೆ) ಮಾಡುತ್ತಿದ್ದೇವೆ. ಸಹಾಯಧನವಾಗಲಿ, ಬೆಳೆ ವಿಮೆಯಾಗಲಿ ಈವರೆಗೆ ಸಿಕ್ಕಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ವಾರಸಾ, ಅಂದರೆ ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ, ಮಾಡಿಸಿರಿ; ಮಿಕ್ಕ ಕೆಲಸಗಳೆಲ್ಲ ಅದರ ನಂತರದವು. ತಂದೆಯವರ ಮರಣ ಪ್ರಮಾಣಪತ್ರ ಹಾಗೂ ವಂಶಾವಳಿಯೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಉತಾರದಲ್ಲಿ ನಿಮ್ಮ ಹೆಸರು ಬಂದ ಬಳಿಕ, ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಎಂಬ ರೈತರ ನೋಂದಣಿ ತಂತ್ರಾಂಶದ ಗುರುತಿನ ಸಂಖ್ಯೆಯನ್ನು ಪಡೆದು, ಎಲ್ಲ ಸರ್ವೆ ನಂಬರುಗಳನ್ನೂ ಅದಕ್ಕೆ ಸೇರಿಸಬೇಕು. ರಿಯಾಯಿತಿ ದರದ ಬಿತ್ತನೆ ಬೀಜಕ್ಕೂ ಈ ಸಂಖ್ಯೆಯನ್ನೇ ಕೇಳುತ್ತಾರೆ. ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. 2019ರ ಫೆಬ್ರುವರಿ 1ರ ನಂತರ ಜಮೀನು ಕೊಂಡವರಿಗೆ ಈ ಯೋಜನೆಯಲ್ಲಿ ಅಡ್ಡಿಯಿದ್ದರೂ ವಾರಸಾದಿಂದ ಬಂದ ಹಕ್ಕಿಗೆ ವಿನಾಯಿತಿ ಇರುವುದರಿಂದ ನೀವು ಅಂಜಬೇಕಾಗಿಲ್ಲ.

ಗೋಧಿಯ ಮಟ್ಟಿಗೆ ಹೆಚ್ಚು ತೂಕದ್ದು ಬೆಳೆ ವಿಮೆ, ಏಕೆಂದರೆ ರಾಶಿಯ ಹೊತ್ತಿಗೆ ಬರುವ ಅಕಾಲಿಕ ಮಳೆ ಮತ್ತು ಆಲಿಕಲ್ಲು ಇಡೀ ಹಂಗಾಮಿನ ದುಡಿಮೆಯನ್ನು ಒಂದೇ ಸಂಜೆಯಲ್ಲಿ ಕೆಡಿಸಬಲ್ಲವು. ಫಸಲ್ ಬಿಮಾ ಯೋಜನೆಯಲ್ಲಿ ಹಿಂಗಾರಿ ಆಹಾರ ಬೆಳೆಗಳಿಗೆ ರೈತರು ಕಟ್ಟಬೇಕಾದದ್ದು ವಿಮಾ ಮೊತ್ತದ ಶೇಕಡಾ 1.5ಕ್ಕಿಂತ ಹೆಚ್ಚಿಲ್ಲ, ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ, ಇದೂ ಸಹಾಯಧನವೇ. ಮಳೆಯಾಶ್ರಿತ ಗೋಧಿ ಮತ್ತು ನೀರಾವರಿ ಗೋಧಿ ಬೇರೆ ಬೇರೆ ಬೆಳೆಗಳೆಂದು ಗಣನೆಯಾಗುವುದರಿಂದ ನೋಂದಣಿಯ ವೇಳೆ ಸರಿಯಾದದ್ದನ್ನೇ ಬರೆಸಿರಿ. ಇದಕ್ಕಿಂತ ಮುಖ್ಯವಾದದ್ದು ಬೆಳೆ ಸಮೀಕ್ಷೆ. ನೀವು ಗೋಧಿಗೆ ವಿಮೆ ಕಟ್ಟಿದ್ದು, ಸಮೀಕ್ಷೆಯಲ್ಲಿ ಅದೇ ಸರ್ವೆ ನಂಬರಿಗೆ ಜೋಳವೆಂದೋ ಕಡಲೆಯೆಂದೋ ದಾಖಲಾಗಿದ್ದರೆ ಪರಿಹಾರದ ಅರ್ಜಿ ತಿರಸ್ಕೃತವಾಗಬಹುದು. ಬೇರೊಬ್ಬರು ಬಂದು ಬರೆದುಕೊಳ್ಳಲೆಂದು ಕಾಯದೆ, ಮೊಬೈಲಿನ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನೀವೇ ಹೊಲದಲ್ಲಿ ನಿಂತು ಫೋಟೊ ಏರಿಸುವುದು ಒಳ್ಳೆಯದು. ಆಲಿಕಲ್ಲು ಬಿದ್ದರೆ, ಅಥವಾ ಕೊಯ್ದು ಒಣಗಲು ಹರಡಿದ ಗೋಧಿ 14 ದಿನಗಳೊಳಗೆ ಮಳೆಗೆ ಸಿಕ್ಕರೆ, 72 ಗಂಟೆಗಳೊಳಗೆ 14447 ಸಹಾಯವಾಣಿಗೋ ಕೃಷಿ ಇಲಾಖೆಗೋ ತಿಳಿಸಲೇಬೇಕು.

ಲಾವಣಿಯ ಮೂರು ಎಕರೆಯ ಬಗ್ಗೆ ನಿಮಗೆ ಸಮಾಧಾನ ಹೇಳುವುದು ಕಷ್ಟ. 1974ರಿಂದ ಜಾರಿಯಲ್ಲಿರುವ ಭೂಸುಧಾರಣಾ ತಿದ್ದುಪಡಿಯಂತೆ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಅವಕಾಶವಿಲ್ಲ; ಪಿಎಂ ಕಿಸಾನ್ ಹಣವಂತೂ ಹೊಲದ ಒಡೆಯರಿಗೇ ಹೋಗುತ್ತದೆ. ಉಳುವವರನ್ನು ಕಾಪಾಡಲೆಂದು ಬಂದ ಕಾನೂನು ಇಂದು ಲಾವಣಿ ರೈತರನ್ನು ದಾಖಲೆಯಿಂದಲೇ ಹೊರಗಿಟ್ಟಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಸದ್ಯಕ್ಕೆ ಹೊಲದ ಒಡೆಯರು ತಮ್ಮ ಹೆಸರಿನಲ್ಲಿ ವಿಮೆ ಮಾಡಿಸಿದರೂ ಪರಿಹಾರ ಅವರ ಖಾತೆಗೇ ಜಮೆಯಾಗುವುದರಿಂದ, ಅದರಲ್ಲಿ ನಿಮ್ಮ ಪಾಲೆಷ್ಟೆಂಬುದನ್ನು ಬಿತ್ತನೆಗೆ ಮುಂಚೆಯೇ ಹಿರಿಯರ ಸಮಕ್ಷಮ ಮಾತನಾಡಿಕೊಳ್ಳಿರಿ.

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯವರು ನಾವು. ಜವೆ (ಖಪಲಿ) ಗೋಧಿಗೆ ಬೆಂಬಲ ಬೆಲೆ ಇದೆಯೇ?

ಉತ್ತರ: ಪ್ರತ್ಯೇಕವಾಗಿ ಇಲ್ಲ. ಗೋಧಿಗೆ 2025-26ರ ಮಾರಾಟ ಹಂಗಾಮಿನಲ್ಲಿ ಕ್ವಿಂಟಲಿಗೆ 2,425 ರೂಪಾಯಿ ಘೋಷಣೆಯಾಗಿತ್ತು, ಆದರೆ ಸರ್ಕಾರಿ ಖರೀದಿಯ ಬಹುಪಾಲು ಪಂಜಾಬ್, ಹರಿಯಾಣ, ಮಧ್ಯಪ್ರದೇಶಗಳಲ್ಲಿ ನಡೆಯುತ್ತದೆ. ಜವೆ ಗೋಧಿ ಸಾಮಾನ್ಯ ಗೋಧಿಗಿಂತ ಹೆಚ್ಚಿನ ದರಕ್ಕೆ ಮಾರಾಟವಾಗುವುದರಿಂದ ಅದನ್ನು ಬೇರೆ ತಳಿಯೊಂದಿಗೆ ಬೆರೆಸದೆ, ಎಪಿಎಂಸಿ ದರ ವಿಚಾರಿಸಿಯೇ ಮಾರಿರಿ.